ಆರನೆಯ ಸರದಿ

ಮಗ ತಿನ್ನುವುದನ್ನು ನೋಡಲಾಗದೆ ಲೋಸೇಲಿ ಸಿಂಕಿನ ಕಡೆ ತಿರುಗಿ ನಿಂತಳು. ಬೆನ್ನ ಹಿಂದೆ ಚಮಚ ತಟ್ಟೆಗೆ ತಾಗುವ ಸದ್ದು, ಆಮೇಲೆ ಅಗಿಯುವ ಸದ್ದು, ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಆ ಹೊತ್ತಿನಲ್ಲಿ ಸೆಮಿಸಿ ಕಣ್ಣು ಮುಚ್ಚಿಕೊಂಡು, ಗಂಟಲಿನಲ್ಲಿ ನಿಂತದ್ದನ್ನು ಕೆಳಗೆ ತಳ್ಳುತ್ತಿರುತ್ತಾನೆಂದು ಅವಳಿಗೆ ಗೊತ್ತು.

"ಇನ್ನೊಂದು ಹಾಕಮ್ಮ."

"ಸಾಕು ಬಿಡೋ. ಚರ್ಚಿಗೆ ಹೊತ್ತಾಯ್ತು."

"ಹಾಕು ಅಂದ್ನಲ್ಲ."

ಅವಳು ಹಾಕಿದಳು. ಕೆಸುವಿನ ಎಲೆಯಲ್ಲಿ ಸುತ್ತಿ ತೆಂಗಿನಹಾಲಿನಲ್ಲಿ ಬೇಯಿಸಿದ ಮಾಂಸ, ಪಕ್ಕದಲ್ಲಿ ಕೆಸುವಿನ ಗಡ್ಡೆ. ಚಿಕ್ಕವನಿದ್ದಾಗ ಇದಕ್ಕೆ ಅವನು ಒಲೆಯ ಮುಂದೆ ಕುಣಿಯುತ್ತಿದ್ದ. ಈಗ ಕಲ್ಲು ಹೊರುವವನ ಮುಖ ಮಾಡಿಕೊಂಡು ತಿನ್ನುತ್ತಾನೆ.

ಫೆಬ್ರವರಿಯಲ್ಲಿ ಅಮೆರಿಕನ್ ಫುಟ್‌ಬಾಲಿನ ಎಲ್ಲ ತಂಡಗಳವರೂ ಸೇರಿ ಕಾಲೇಜು ಹುಡುಗರನ್ನು ಓಡಿಸಿ, ಅಳೆದು, ತೂಗಿ ನೋಡುವ ದಿನ ಸೆಮಿಸಿ ಮುನ್ನೂರ ಐದು ಪೌಂಡು ತೂಗಿದ್ದ. ಅದರಲ್ಲಿ ಎಷ್ಟೋ ಪೌಂಡು ಬರೀ ಉಪ್ಪು ಮತ್ತು ನೀರು. ತಕ್ಕಡಿ ಹತ್ತುವ ಮೊದಲು ಮೈ ತಣ್ಣಗಾಗಿ ಹಲ್ಲು ಕಟಕಟ ಎನ್ನುವಷ್ಟು ನೀರು ಕುಡಿದಿದ್ದ. "ನೀರಿನ ಟ್ಯಾಂಕರ್ ಆಗಿಬಿಟ್ಟಿದ್ದೆ ಕಣಮ್ಮ, ಯಾರಾದ್ರೂ ಹೊಟ್ಟೆಗೆ ಗುದ್ದಿದ್ರೆ ಆ ಹಾಲ್ ಪೂರ್ತಿ ತೊಳೆದುಹೋಗ್ತಿತ್ತು" ಎಂದು ನಗುತ್ತ ಹೇಳಿದ್ದ. ಅವಳೂ ನಕ್ಕಿದ್ದಳು. ಆ ಸುಳ್ಳನ್ನು ನಿಜ ಮಾಡುವ ಕೆಲಸ ಆಮೇಲೆ ಅವಳ ಅಡುಗೆಮನೆಗೆ ಬಂತು.

ಹೊಟ್ಟೆಯನ್ನು ಅದರ ಇಷ್ಟಕ್ಕೆ ಬಿಟ್ಟರೆ ಸೆಮಿಸಿ ಇನ್ನೂರ ಎಪ್ಪತ್ತರ ಹುಡುಗ. ಚರ್ಚಿನ ಸೇವೆಗೆಂದು ತಮ್ಮ ಹಿರಿಯರ ನಾಡಾದ ಟೊಂಗಾಕ್ಕೆ ಹೋಗಿ ಎರಡು ವರ್ಷ ಅಲ್ಲಿನ ದ್ವೀಪಗಳಲ್ಲಿ ಅಲೆದು ಬಂದಾಗ ಅಷ್ಟೇ ಇದ್ದ. ಆಗ ಅವನು ಮಲಗಿದರೆ ಮನೆಯಲ್ಲಿ ಯಾರಾದರೂ ಮಲಗಿದ್ದಾರೆಂದೇ ಗೊತ್ತಾಗುತ್ತಿರಲಿಲ್ಲ. ಈಗ ಗೋಡೆ ನಡುಗುವ ಗೊರಕೆ. ಗೊರಕೆ ಅವಳಿಗೆ ಭಯವಲ್ಲ, ಅದು ನಿಲ್ಲುವುದು ಭಯ. ನಿಂತರೆ ಅವಳ ಉಸಿರೂ ನಿಲ್ಲುತ್ತದೆ. ಆಮೇಲೆ ಒಳಗೆಲ್ಲೋ ಏನೋ ಹರಿದ ಹಾಗೆ ಸದ್ದಾಗಿ ಅವನ ಉಸಿರು ಮತ್ತೆ ಹೊರಡುತ್ತದೆ.

ಅವನ ಅಪ್ಪ ಮಾಫು ಹೀಗೇ ಮಲಗುತ್ತಿದ್ದ. ಒಂದು ಮಧ್ಯಾಹ್ನ ಟೀವಿ ಮುಂದಿನ ಕುರ್ಚಿಯಲ್ಲಿ ನಿಂತ ಉಸಿರು ಮತ್ತೆ ಹೊರಡಲಿಲ್ಲ. ಆಗ ಅವಳು ಅವನಿಗೆ ಹಣ್ಣು ಹೆಚ್ಚುತ್ತಿದ್ದಳು.

"ಆ ಇನ್ನೂರ ಎಪ್ಪತ್ತೇ ಇಟ್ಕೊಂಡು ಆಡೋಕಾಗಲ್ವೇನೋ?" ಎಂದು ಅವಳು ಒಮ್ಮೆ ಕೇಳಿದ್ದಳು.

"ಎಪ್ಪತ್ತಕ್ಕೆ, ಎದುರಾಳಿಯನ್ನ ತಡೆಯೋ ಸಾಲಲ್ಲಿ ಅಂಚಿಗೆ ಹೋಗ್ಬೇಕಮ್ಮ. ಅಂಚಲ್ಲಿ ನಿಲ್ಲೋರಿಗೆ ನನಗಿಂತ ಉದ್ದ ಕೈ, ನನಗಿಂತ ವೇಗ. ಹುಡುಗರನ್ನ ಆರಿಸ್ಕೊಳ್ಳೋ ಕೊನೇ ಸುತ್ತಲ್ಲಿ ಯಾರಾದ್ರೂ ಕರೀಬಹುದು, ಕರೀದೆಯೂ ಇರಬಹುದು. ನಡುವೆ ನಿಂತ್ರೆ ಮೊದಲ ಸುತ್ತು."

"ನಿಮ್ಮಪ್ಪ ಆ ನಡುವೆ ನಿಂತೇ ಹೋದ."

"ಅಪ್ಪ ಸತ್ತಿದ್ದು ತೂಕದಿಂದ ಅಲ್ಲಮ್ಮ. ಯಾರೂ ಕರೀಲಿಲ್ಲ ಅಂತ."



ಇವತ್ತು ಭಾನುವಾರ. ಚರ್ಚು ಮುಗಿದ ಮೇಲೆ ವೆಂಡಲ್ ಪ್ರೂಯಿಟ್ ಊಟಕ್ಕೆ ಬರುವವನಿದ್ದ. ಉತ್ತರದ ಒಂದು ತಂಡಕ್ಕೆ ಹುಡುಗರನ್ನು ಹುಡುಕಿಕೊಡುವ ಮುದುಕ, ಒಂದು ಕಾಲದಲ್ಲಿ ಸ್ವತಃ ಸಾಲಿನ ನಡುವೆ ನಿಂತವನು. ತಂಡಗಳು ಸರದಿಯ ಮೇಲೆ ಒಬ್ಬೊಬ್ಬ ಹುಡುಗನನ್ನು ಆರಿಸಿಕೊಳ್ಳುವ ಗುರುವಾರದ ಡ್ರಾಫ್ಟಿನಲ್ಲಿ ಅವನ ತಂಡಕ್ಕೆ ಆರನೆಯ ಸರದಿ.

"ಆ ಮುದುಕ ತೂಕ ಹಾಕಲ್ವಂತೆ" ಎಂದ ಮೈದುನ ಫಿಲಿಪೆ, ಅಂಗಳದಲ್ಲಿ ಕುರ್ಚಿ ಹಾಕುತ್ತ. "ಹುಡುಗ ತಿನ್ನೋದನ್ನ ನೋಡ್ತಾನಂತೆ. ಆಸೆಯಿಂದ ತಿಂದ್ರೆ ನಿಜವಾದ ತೂಕ, ಕಷ್ಟಪಟ್ಟು ತಿಂದ್ರೆ ಸುಳ್ಳು ತೂಕ. ನನ್ನನ್ನ ನೋಡಿದ್ರೆ ಅಲ್ಲೇ ಸಹಿ ಹಾಕಿಸ್ಕೊಂಡು ಹೋಗ್ತಾನೆ."

"ನಿನ್ನನ್ನ ಯಾವ ಜಾಗದಲ್ಲಿ ನಿಲ್ಲಿಸ್ತಾರೆ, ಅಡುಗೆ ಮನೆ ಬಾಗಿಲಲ್ಲಾ?" ಎಂದಳು ಕಲೋಲೈನಿ. ಎಲ್ಲರೂ ನಕ್ಕರು. ಕಲೋಲೈನಿ ಮಾಫುವಿನ ಅಕ್ಕ, ಸೆಮಿಸಿಗೆ ಸೋದರತ್ತೆ. ಮೇಜಿನ ತಲೆಭಾಗದ ಕುರ್ಚಿ ಅವಳದು. ಅವಳು ನಕ್ಕರೆ ಎಲ್ಲರೂ ನಗಬೇಕು, ಅವಳು ತುತ್ತೆತ್ತುವವರೆಗೆ ಯಾರೂ ತುತ್ತೆತ್ತುವ ಹಾಗಿಲ್ಲ. ಟೊಂಗಾದವರಲ್ಲಿ ಸೋದರಳಿಯನ ವಿಷಯದಲ್ಲಿ ಕೊನೆಯ ಮಾತು ತಂದೆಯ ಅಕ್ಕನದು. ಅವಳು ಕೈ ನೀಡಿ ಏನು ಕೇಳಿದರೂ ಅವನು ಇಲ್ಲ ಅನ್ನುವಂತಿಲ್ಲ. ಹೆತ್ತವಳ ಮಾತು ಅದರ ಕೆಳಗೆ ಎಲ್ಲೋ ಬರುತ್ತದೆ.

ಪ್ರೂಯಿಟ್ ಬಂದ. ಮಂಡಿ ಬಾಗದ ಕಾಲನ್ನು ಎಳೆದುಕೊಂಡು ಸೆಮಿಸಿಯ ಎದುರು ಕುಳಿತ. ದೂರದ ಬೆಟ್ಟದ ಮೇಲೆ ಇನ್ನೂ ಹಿಮವಿತ್ತು, ಅಂಗಳದಲ್ಲಿ ಮಾತ್ರ ಚುರುಕು ಬಿಸಿಲು. ಲೋಸೇಲಿ ಬಡಿಸುತ್ತ ಓಡಾಡಿದಳು. ಸೆಮಿಸಿ ತುತ್ತಿನ ನಡುವೆ ನಗುತ್ತಿದ್ದ, ತಮಾಷೆ ಮಾಡುತ್ತಿದ್ದ, ಕೇಳಿ ಕೇಳಿ ಹಾಕಿಸಿಕೊಳ್ಳುತ್ತಿದ್ದ. ಮೇಜಿನ ಮೇಲೆ ಅವನ ನಟನೆಯಲ್ಲಿ ಒಂದು ತಪ್ಪೂ ಇರಲಿಲ್ಲ. ಬಡಿಸುವವಳಿಗೆ ಮಾತ್ರ ಮೇಜಿನ ಕೆಳಗಿನದು ಕಾಣುತ್ತಿತ್ತು. ಅವನ ಕಾಲ್ಬೆರಳುಗಳು ಚಪ್ಪಲಿಯನ್ನು ಕಚ್ಚಿ ಹಿಡಿದಿದ್ದವು.

"ಒಂದು ವಿಷಯ ನನಗೆ ಅರ್ಥ ಆಗಲ್ಲ" ಎಂದ ಫಿಲಿಪೆ. "ಚೆಂಡು ಎಸೆಯೋನನ್ನ ಊರೆಲ್ಲ ನೋಡುತ್ತೆ, ಚೆಂಡು ಹಿಡಿಯೋನನ್ನ ಊರೆಲ್ಲ ನೋಡುತ್ತೆ. ನಡುವೆ ಬಿದ್ದು ಒದ್ದಾಡೋನನ್ನ ಹೆತ್ತವರೂ ಹುಡುಕ್ಬೇಕು. ಅವನಿಗೆ ಯಾಕೆ ಅಷ್ಟು ಮುಂಚಿನ ಸರದಿ ಖರ್ಚು ಮಾಡ್ತೀರಿ?"

ಪ್ರೂಯಿಟ್ ಬಾಯಿ ಒರೆಸಿಕೊಂಡ. "ನಮ್ಮ ಆಯ್ಕೆ ಕೋಣೇಲಿ ಅರ್ಧ ಜನ ಇದನ್ನೇ ಕೇಳ್ತಾರೆ. ಡಿಫೆನ್ಸ್ ಸಾಲಿಗೆ ಮೂರನೇ ಸುತ್ತಲ್ಲೂ ಗಂಡಾಳು ಸಿಗ್ತಾರೆ, ಈ ದಪ್ಪನೆಯವರು ಬೇಗ ಮುರೀತಾರೆ, ಮೊದಲೇ ತಗೊಂಡು ಕೈ ಸುಟ್ಕೋಬೇಡಿ ಅಂತಾರೆ. ಅದೂ ಸುಳ್ಳಲ್ಲ. ಆದ್ರೆ ಓಡೋರನ್ನ, ಹಿಡಿಯೋರನ್ನ ದೇವರು ಪ್ರತಿ ವರ್ಷ ಲಾರಿಗಟ್ಟಲೆ ಕಳಿಸ್ತಾನೆ. ಎದುರಿನ ಇಬ್ಬರನ್ನ ಒಬ್ಬನೇ ಎತ್ತಿ ಪಕ್ಕಕ್ಕಿಡೋ ಹುಡುಗ ಯಾವಾಗಲೋ ಒಬ್ಬ. ಎದುರಾಳಿಯ ಚೆಂಡೆಸೆಯೋನು ಸಂಜೆವರೆಗೂ ಅಂಗಾತ ಬಿದ್ದಿದ್ರೆ ಉಳಿದಿದ್ದೆಲ್ಲ ತಾನಾಗೇ ಆಗುತ್ತೆ." ಅವನು ಕಲೋಲೈನಿಯ ಕಡೆ ತಿರುಗಿದ. "ನೀವು ಹಿರಿಯರು ಅಂತ ಕೇಳ್ತೀನಿ. ತಕ್ಕಡಿ, ಕ್ಯಾಮೆರಾ ಏನೂ ಇಲ್ಲದಾಗ, ಬೇಸಿಗೇಲಿ ಸುಮ್ನೆ ಇದ್ದಾಗ, ಇವನ ತೂಕ ಎಷ್ಟಿರುತ್ತೆ?"

ಲೋಸೇಲಿಯ ಕೈಯಲ್ಲಿದ್ದ ಸೌಟು ನಿಂತಿತು.

"ಮುನ್ನೂರು" ಎಂದಳು ಕಲೋಲೈನಿ, ಕಣ್ಣು ಮಿಟುಕಿಸದೆ. "ಹುಟ್ಟಿದಾಗ್ಲೇ ಇವನು ಎರಡು ಮಗುವಿನಷ್ಟಿದ್ದ. ಆಸ್ಪತ್ರೆಯವರು ಇನ್ನೊಬ್ಬಳು ತಾಯಿ ಎಲ್ಲಿ ಅಂತ ಹುಡುಕಿದ್ರು."

ನಗು ಎದ್ದಿತು. ಪ್ರೂಯಿಟ್ ಕೂಡ ನಕ್ಕ, ಆದರೆ ಅವನ ಕಣ್ಣು ಸೆಮಿಸಿಯ ತಟ್ಟೆಯ ಮೇಲೇ ಇತ್ತು.

ಅತಿಥಿಯನ್ನು ಬರಿಗೈಯಲ್ಲಿ ಕಳಿಸುವ ಹಾಗಿಲ್ಲ. ಕಟ್ಟಿದ ಊಟ ಹಿಡಿದುಕೊಂಡು ಲೋಸೇಲಿ ಒಬ್ಬಳೇ ಪ್ರೂಯಿಟ್‌ನ ಕಾರಿನವರೆಗೆ ನಡೆದಳು. ಈ ಮಾತನ್ನು ಆಡಿದರೆ ಮಗನ ಆಸೆಗೆ ತನ್ನ ಕೈಯಾರೆ ಮಣ್ಣು ಹಾಕಿದ ಹಾಗೆ. ಆಡದಿದ್ದರೆ ಮಣ್ಣು ಹಾಕಬೇಕಾದದ್ದು ಬೇರೆ ಯಾವುದಕ್ಕೋ.

"ಅವನದು ಮುನ್ನೂರಲ್ಲ" ಎಂದಳು.

ಪ್ರೂಯಿಟ್ ಕಾರಿನ ಬಾಗಿಲು ಹಿಡಿದುಕೊಂಡೇ ನಿಂತ. ಆಮೇಲೆ ನಿಧಾನವಾಗಿ ಅಂಗೈ ಎತ್ತಿದ. "ಮೇಡಂ, ಈ ಮಾತು ನೀವು ಆಡಲಿಲ್ಲ, ನಾನು ಕೇಳಲಿಲ್ಲ."

"ತಿಂದದ್ದನ್ನ ಕಕ್ಕಿ ಬಂದು ಮತ್ತೆ ಊಟಕ್ಕೆ ಕೂರ್ತಾನೆ. ನಿದ್ದೇಲಿ ಉಸಿರು ಕಟ್ಟುತ್ತೆ. ಅವನಪ್ಪನಿಗೂ ಹೀಗೇ..."

"ನೋಡಿ, ನಂಗೆ ಕಣ್ಣಿದೆ. ಅವನು ಹೇಗೆ ತಿಂದ ಅಂತ ನೋಡ್ದೆ. ನೀವು ಬಾಯಿಬಿಟ್ಟು ಹೇಳಿದ್ರೆ ನಾನು ಹೋಗಿ ಕೋಣೇಲಿ ಹೇಳ್ಬೇಕಾಗುತ್ತೆ. ಸತತ ಮೂರು ವರ್ಷ ನಾನು ತೋರಿಸಿದ ಹುಡುಗರು ಯಾರೂ ತಂಡದಲ್ಲಿ ನಿಲ್ಲಲಿಲ್ಲ. ಈ ಸಲ ಗಂಟಲು ಹರ್ಕೊಂಡು ಇವನ ಹೆಸರು ಹೇಳಿದೀನಿ. ಇವನೂ ಹೋದ್ರೆ ನಾನೂ ಮನೆಗೆ ಹೋಗ್ತೀನಿ." ಮುದುಕ ಕಾರಿನ ಬಾಗಿಲು ತೆರೆದ. "ನಮ್ಮ ಡಾಕ್ಟರು ಎದೆ ಪರೀಕ್ಷೆ ಮಾಡಿದಾರೆ. ಸದ್ಯಕ್ಕೆ ಚೆನ್ನಾಗಿದೆ."

ಊಟದ ಗಂಟು ತೆಗೆದುಕೊಂಡು ಅವನು ಹೊರಟುಹೋದ. ಸದ್ಯಕ್ಕೆ ಎಂಬ ಮಾತು ಲೋಸೇಲಿಯ ಬಳಿ ಉಳಿಯಿತು. ಮಗನಿಗೆ ದ್ರೋಹ ಮಾಡುವಷ್ಟು ಧೈರ್ಯ ತಂದುಕೊಂಡು ಹೋಗಿದ್ದಳು. ಆ ದ್ರೋಹವೂ ಯಾರಿಗೂ ಬೇಕಾಗಿರಲಿಲ್ಲ.

ಅಡುಗೆಮನೆಯಲ್ಲಿ ಕಲೋಲೈನಿ ಕೂತು ಕಲ್ಲಂಗಡಿ ರಸ ಕುಡಿಯುತ್ತಿದ್ದಳು. ಲೋಸೇಲಿ ಅವಳೆದುರು ನೆಲದ ಮೇಲೆ ಕೂತಳು.

"ಅತ್ತಿಗೆ, ನೀವೊಂದು ಮಾತು ಸಾಕು ಅಂದ್ರೆ ಅವನು ಬಿಡ್ತಾನೆ."

"ನಾನ್ಯಾಕೆ ಅನ್ಲಿ?"

"ನನ್ನ ಮಾತು ಅವನು ಕೇಳಲ್ಲ."

"ಕೇಳಬಾರದು ಕಣೆ. ಗಂಡು ಮಕ್ಕಳು ತಾಯಿ ಹೆದರಿಕೆ ಕೇಳ್ಕೊಂಡು ಕೂತ್ರೆ ಮನೆ ಬಿಟ್ಟು ಹೊರಡ್ತಿರ್ಲಿಲ್ಲ." ಕಲೋಲೈನಿ ಲೋಟ ಕೆಳಗಿಟ್ಟಳು. "ನೀನು ಈ ಮನೆಗೆ ಬಂದಿದ್ದು ಆಮೇಲೆ. ನನ್ನ ತಮ್ಮ ಡ್ರಾಫ್ಟಿನ ದಿನ ಅದೋ, ಆ ಕಿಟಕಿ ಹತ್ರ ಫೋನ್ ತೊಡೆ ಮೇಲಿಟ್ಕೊಂಡು ಕೂತಿದ್ದ. ಎಲ್ಲರ ಹೆಸರೂ ಮುಗೀತು. ಫೋನು ಕೆಟ್ಟಿರ್ಬೇಕು ನೋಡಕ್ಕ ಅಂದ. ನಾನು ಪಕ್ಕದ ಮನೆಗೆ ಹೋಗಿ ಅಲ್ಲಿಂದ ಕರೆ ಮಾಡ್ದೆ. ನಮ್ಮ ಫೋನು ರಿಂಗಾಯ್ತು. ಅವನು ಎತ್ತಿ ಹಲೋ ಸರ್ ಅಂದ." ಅವಳ ದನಿ ಅಲ್ಲಿ ಒಡೆಯಿತು, ಮರುಕ್ಷಣ ಗಟ್ಟಿಯಾಯಿತು. "ಅವನ ಮಗನ ಫೋನು ರಿಂಗಾಗ್ಲೇಬೇಕು. ಏಳು, ಪಾತ್ರೆ ತೊಳಿ."

ಲೋಸೇಲಿ ಎದ್ದು ಪಾತ್ರೆ ತೊಳೆದಳು. ನೀರು ತಣ್ಣಗಾಗುವವರೆಗೂ ತೊಳೆದಳು. ಎಷ್ಟು ವರ್ಷದಿಂದ ಈ ಮನೆಯವರಿಗೆಲ್ಲ ಬಡಿಸಿದ್ದಾಳೆ ಈ ಕೈ. ಗಂಡನಿಗೆ ತಿನ್ನಿಸಿ ಸಾವಿಗೆ ಕಳಿಸಿಕೊಟ್ಟದ್ದೂ ಇದೇ ಕೈ ಎಂದು ತನಗೆ ತಾನು ಒಮ್ಮೆಯೂ ಹೇಳಿಕೊಂಡಿರಲಿಲ್ಲ. ಈಗ ಹೇಳಿಕೊಂಡಳು, ನಲ್ಲಿ ನಿಲ್ಲಿಸಲಿಲ್ಲ.

ಗುರುವಾರ ಸಂಜೆ ಮನೆ ತುಂಬಿತು. ಸೋಫಾದ ಮೇಲೆ, ಮೆಟ್ಟಿಲ ಮೇಲೆ, ಕಿಟಕಿಯ ಕಟ್ಟೆಯ ಮೇಲೆ ಜನ. ಹೂವಿನಂಗಿ, ಚಾಕೊಲೇಟು ಪೋಣಿಸಿದ ಹಾರ. ಸೆಮಿಸಿ ಹೊಸ ಸೂಟು ತೊಟ್ಟು ನಡುವೆ ಕೂತಿದ್ದ, ಅಪ್ಪನ ಹಾಗೆಯೇ ತೊಡೆ ಮೇಲೆ ಫೋನ್ ಇಟ್ಟುಕೊಂಡು. ಹಣೆಯಲ್ಲಿ ಬೆವರು. ಹೊರಗಿನಿಂದ ನೋಡಿದವರಿಗೆ ಅದು ಆತಂಕ. ಬೆಳಗಿನಿಂದ ತಿಂದದ್ದು ಇನ್ನೂ ಎದೆಯವರೆಗಿದೆ ಎಂದು ಲೋಸೇಲಿಗೆ ಮಾತ್ರ ಗೊತ್ತು.

"ಎಲ್ಲರೂ ಕೇಳಿ" ಎಂದು ಫಿಲಿಪೆ ಕೂಗಿದ. "ಟೊಂಗಾದಿಂದ ಯಾವುದಾದ್ರೂ ಚಿಕ್ಕಮ್ಮ ಫೋನ್ ಮಾಡಿ 'ಏನಪ್ಪಾ ಸುದ್ದಿ' ಅಂತ ಲೈನು ಹಿಡ್ಕೊಂಡ್ರೆ, ಅವಳನ್ನೇ ಡ್ರಾಫ್ಟ್ ಮಾಡಿಸಿಬಿಡ್ತೀನಿ!"

ಟೀವಿಯಲ್ಲಿ ಐದನೆಯ ಹೆಸರು ಬಂತು. ಚೆಂಡೆಸೆಯುವ ಹುಡುಗನೊಬ್ಬ ತಾಯಿಯನ್ನು ತಬ್ಬಿಕೊಂಡ. ಇನ್ನು ಆರನೆಯ ಸರದಿ. ಮನೆಯಲ್ಲಿ ಮಾತು ನಿಂತಿತು. ಲೋಸೇಲಿ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ತನ್ನ ಕೋಣೆಗೆ ಹೋದಳು.

ಅವಳು ಯೋಚಿಸಿ ಮಾಡಿದ್ದಲ್ಲ. ಹಾಸಿಗೆಯ ಕೆಳಗೆ ಕೈ ಹಾಕಿ ಆ ಚಾಪೆಯನ್ನು ಎಳೆದಳು. ಅಂಚೆಲ್ಲ ಹರಿದು ಜೋಲುವ, ಒರಟು ಹೆಣಿಗೆಯ ಹಳೆಯ ದೊಡ್ಡ ಚಾಪೆ. ಮಾಫುವಿನ ಹೆಣ ಈ ಮನೆಯಲ್ಲಿದ್ದಾಗ ಅವಳು ಅದನ್ನು ಸುತ್ತಿಕೊಂಡು ಬಾಗಿಲ ಬಳಿ, ಎಲ್ಲರಿಗಿಂತ ಕೆಳಗೆ ಕೂತಿದ್ದಳು. ತಲೆಯ ಬಳಿ ಕೂತಿದ್ದವಳು ಕಲೋಲೈನಿ. ಸಾವಿನಲ್ಲಿ ಕೆಳಗಿನವರು ತೊಡುವ ಚಾಪೆ ಅದು. ಇಲ್ಲವೆ ದೊಡ್ಡವರ ಮುಂದೆ ಬಿದ್ದು ಪ್ರಾಣ ಬೇಡುವವರು ತೊಡುವಂಥದು. ಮೈಗೆ ಸುತ್ತಿಕೊಂಡು ಹಗ್ಗ ಬಿಗಿದಳು. ಅದು ಅವಳ ಗದ್ದದವರೆಗೆ ಬಂತು.

ಹೊರಗೆ ಬಂದಾಗ ಮೊದಲು ಮೆಟ್ಟಿಲ ಮೇಲಿದ್ದ ಹೆಂಗಸೊಬ್ಬಳು ಬಾಯಿ ಮುಚ್ಚಿಕೊಂಡಳು. ಆಮೇಲೆ ಒಬ್ಬೊಬ್ಬರಾಗಿ ತಿರುಗಿದರು.

"ಲೋಸೇಲಿ ಅತ್ತಿಗೆ!" ಫಿಲಿಪೆಯ ಮುಖದಲ್ಲಿ ನಗುವಿರಲಿಲ್ಲ. "ತೆಗೀರಿ ಅದನ್ನ. ಹುಡುಗ ಬದುಕಿರೋ ಮನೆ ಇದು."

ಚಾಪೆ ನೆಲಕ್ಕೆ ಉಜ್ಜಿ ಸರಸರ ಎಂದಿತು. ಅವಳು ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಕಲೋಲೈನಿಯ ಪಾದದ ಬಳಿ ಕೂತಳು, ತಲೆ ತಗ್ಗಿಸಿದಳು. ಆಡಬೇಕಾದ ಮಾತೆಲ್ಲ ಆಗಿತ್ತು.

"ಅಮ್ಮ, ಏಳು" ಎಂದ ಸೆಮಿಸಿ. "ಅಮ್ಮ, ಇವತ್ತೊಂದು ದಿನ. ಕೈಮುಗೀತೀನಿ."

ಫೋನು ರಿಂಗಾಯಿತು.

ಅವನು ಎತ್ತಿದ. "ಹಲೋ ಸರ್." ಎಲ್ಲರಿಗೂ ಕೇಳಲೆಂದು ಮೊದಲೇ ಹೇಳಿಕೊಂಡಿದ್ದಂತೆ ಸ್ಪೀಕರ್ ಒತ್ತಿದ. ಪ್ರೂಯಿಟ್‌ನ ದನಿ ಕೋಣೆ ತುಂಬಿತು. "ಮಗನೇ, ನಮ್ಮ ಸರದಿ ಬಂದಿದೆ. ಯಜಮಾನರು, ಕೋಚು, ಎಲ್ಲರೂ ಇಲ್ಲೇ ಕೂತು ಕೇಳಿಸ್ಕೋತಿದಾರೆ. ಹೆಸರು ಬರೆದು ಕೊಡೋದೊಂದು ಬಾಕಿ. ಮುನ್ನೂರು ಪೌಂಡೂ ತಯಾರಾಗಿದೆಯಾ?"

ಸೆಮಿಸಿ ಬಾಯಿ ತೆರೆದ. ಅಷ್ಟರಲ್ಲಿ ಕಲೋಲೈನಿ ಕೈ ನೀಡಿದಳು.

ಅಂಗೈ ಮೇಲೆ ಮಾಡಿ ನೀಡಿದ ಕೈ. ಅವಳು ಅವನನ್ನು ನೋಡುತ್ತಿರಲಿಲ್ಲ. ತನ್ನ ಪಾದದ ಬಳಿಯ ಹರಕು ಚಾಪೆಯನ್ನೇ ನೋಡುತ್ತಿದ್ದಳು. ಅದು ಬಾಗಿಲ ಬಳಿ ಮುದುಡಿ ಕೂತಿದ್ದ ದಿನ ಅವಳಿಗೂ ನೆನಪಿರಬೇಕು. ತಮ್ಮನ ತಣ್ಣನೆಯ ಹಣೆ ಅವಳ ಅಂಗೈಗೆ ಗೊತ್ತು.

ಸೆಮಿಸಿ ಫೋನನ್ನು ಎದೆಗೆ ಒತ್ತಿಕೊಂಡ. "ಅತ್ತೆ, ಬೇಡ" ಎಂದ. ಕೈ ಹಾಗೇ ಇತ್ತು. ಆ ಮನೆಯಲ್ಲಿದ್ದ ಯಾರೂ, ಅವನೂ ಸಹ, ಆ ಕೈಯನ್ನು ಬರಿದೇ ಬಿಡುವುದನ್ನು ಕಲಿತವರಲ್ಲ. ಮುನ್ನೂರು ಪೌಂಡು ಒಟ್ಟುಗೂಡಿಸಿದ ಹುಡುಗ ಒಂದು ಅಂಗೈಯಷ್ಟು ಭಾರವನ್ನು ತಳ್ಳಲಾರದೆ ಫೋನನ್ನು ಅದರಲ್ಲಿಟ್ಟ.

"ನಾನು ಇವನ ಅಪ್ಪನ ಅಕ್ಕ" ಎಂದಳು ಕಲೋಲೈನಿ. "ಭಾನುವಾರ ನಾನು ಹೇಳಿದ್ದು ಸುಳ್ಳು. ಹುಡುಗ ಮುನ್ನೂರಲ್ಲ. ಹಸಿವಾದಷ್ಟು ತಿಂದ್ರೆ ಇನ್ನೂರ ಎಪ್ಪತ್ತು. ನಾವು ಕೊಡೋದು ಅಷ್ಟೇ. ಅಷ್ಟಕ್ಕೆ ಬೇಕಾದ್ರೆ ಕರ್ಕೊಂಡು ಹೋಗಿ, ಚೆನ್ನಾಗಿ ನೋಡ್ಕೊಳ್ಳಿ. ಹೆಚ್ಚು ಬೇಕಾದ್ರೆ ಬೇರೆ ಮನೆ ನೋಡಿ."

ಆ ಕಡೆ ಯಾರೋ ದೂರದಲ್ಲಿ "ಏನಂದ್ರು ಅವರು?" ಎಂದ ಸದ್ದು. ಕುರ್ಚಿ ಸರಿದ ಸದ್ದು. ಪ್ರೂಯಿಟ್‌ನ ಉಸಿರು ಹತ್ತಿರದಲ್ಲೇ ಕೇಳುತ್ತಿತ್ತು, ಸೋತ ಮುದುಕನ ಉಸಿರು. "ಒಂದು ನಿಮಿಷ ಇರಿ" ಎಂದ. ಆಮೇಲೆ ಲೈನು ಸತ್ತಿತು.

ಟೀವಿಯಲ್ಲಿ ಆರನೆಯ ಹೆಸರು ಬಂತು. ಚೆಂಡು ಹಿಡಿಯುವ ಸಣಕಲು ಹುಡುಗ, ಸಂತೋಷಕ್ಕೆ ಕುರ್ಚಿಯಿಂದ ಜಿಗಿಯುತ್ತಿದ್ದ.

ಜನ ಚಪ್ಪಲಿ ಹುಡುಕಿಕೊಂಡು ಹೊರಟರು. ಚಾಕೊಲೇಟಿನ ಹಾರಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮೆಟ್ಟಿಲ ಕಂಬಕ್ಕೆ ಸಿಕ್ಕಿಸಿ ಹೋದರು. ಸೆಮಿಸಿ ಎದ್ದು ನಿಂತು ಬಹಳ ಹೊತ್ತು ಸೂಟಿನ ಗುಂಡಿ ಬಿಚ್ಚುತ್ತಿದ್ದ. ಆಮೇಲೆ ತಾಯಿಯ ಮುಂದೆ ಬಂದ.

"ಸಮಾಧಾನ ಆಯ್ತಾ ನಿಂಗೆ?"

ಅವಳು ತಲೆ ಎತ್ತಲಿಲ್ಲ.

"ನಾನು ನಿಂಗೆ ಏನು ಮಾಡಿದ್ದೆ ಅಮ್ಮ? ಹೇಳು, ಏನು ಮಾಡಿದ್ದೆ?" ಅವನು ಅಷ್ಟು ಮೆಲ್ಲಗೆ ಕೇಳಿದ್ದರಿಂದ ಅವಳಿಗೆ ಇನ್ನೂ ಕಷ್ಟವಾಯಿತು. ಉತ್ತರಕ್ಕೆ ಕಾಯದೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡ.

"ನನ್ನನ್ನ ಬೈಯೋ ಹಾಗಿಲ್ಲ ಅವನು" ಎಂದಳು ಕಲೋಲೈನಿ. ಅವಳ ಮುಖ ಒಮ್ಮೆಲೇ ಮುದಿಯಾಗಿತ್ತು. "ಅದಕ್ಕೂ ನಿನ್ನನ್ನೇ ಬೈತಾನೆ. ತಡ್ಕೋ." ಬಾಗಿ, ಲೋಸೇಲಿಯ ಸೊಂಟದ ಹಗ್ಗದ ಗಂಟನ್ನು ತಾನೇ ಬಿಚ್ಚಲು ನೋಡಿದಳು. ಬಿಗಿದ ಗಂಟು ಸಡಿಲಲಿಲ್ಲ. ಫೋನನ್ನು ಲೋಸೇಲಿಯ ಮಡಿಲಲ್ಲಿಟ್ಟು, ಗೋಡೆ ಹಿಡಿದುಕೊಂಡು ಹೊರಗೆ ಹೋದಳು.

ಲೋಸೇಲಿ ಚಾಪೆ ಸುತ್ತಿಕೊಂಡೇ ಮಗನ ಬಾಗಿಲ ಹೊರಗೆ ಕೂತಳು. ಕಿಟಕಿಯಲ್ಲಿ ಇನ್ನೂ ಸ್ವಲ್ಪ ಬೆಳಕಿತ್ತು. ಒಳಗೆ ಅಳು ಕೇಳಿಸಿತು, ಆಮೇಲೆ ಅದೂ ನಿಂತು ಗೊರಕೆ ಶುರುವಾಯಿತು. ದೇಹ ಇವತ್ತಿಗೆ ಇನ್ನೂ ಅದೇ ದೇಹ, ಅದೇ ಭಾರ. ಯಾವ ಮಾತೂ ಅದರಿಂದ ಒಂದು ಪೌಂಡನ್ನೂ ಇಳಿಸಿರಲಿಲ್ಲ. ನಾಳೆ, ನಾಳಿದ್ದು, ಇನ್ನೂ ಸುತ್ತುಗಳಿವೆ. ಇನ್ನೂರ ಎಪ್ಪತ್ತಕ್ಕೆ ಯಾರಾದರೂ ಕರೆದಾರು, ಇಲ್ಲವೆ ಅವನು ಆ ಕಿಟಕಿಯ ಪಕ್ಕ ಅಪ್ಪನ ಹಾಗೆ ಕೂತಾನು. ಮಡಿಲಲ್ಲಿದ್ದ ಫೋನು ರಿಂಗಾಗಲಿ ಎಂದು ಬೇಡಿಕೊಳ್ಳಬೇಕೋ ಬೇಡವೆಂದು ಬೇಡಿಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ.

ಒಳಗೆ ಗೊರಕೆ ನಿಂತಿತು.

ಲೋಸೇಲಿ ಬಾಗಿಲಿಗೆ ಹಣೆ ಹಚ್ಚಿದಳು. ಕಾದಳು. ಚಾಪೆಯ ಒರಟು ಅಂಚು ಗದ್ದಕ್ಕೆ ಚುಚ್ಚುತ್ತಿತ್ತು. ಇನ್ನೂ ಕಾದಳು. ಆಮೇಲೆ, ಒಳಗೆಲ್ಲೋ ಏನೋ ಹರಿದ ಹಾಗೆ ಸದ್ದಾಗಿ, ಅವನ ಉಸಿರು ಮತ್ತೆ ಹೊರಟಿತು.